340 ಗುರುತು, 19ನೇ ಹೆಜ್ಜೆ: ಝೋಡಿಯಾಕ್ ಗೂಢಲಿಪಿ ಬಿಚ್ಚಿಕೊಂಡ ಬಗೆ

1969ರ ನವೆಂಬರ್ 8ರಂದು ಅಂಚೆಗೆ ಹಾಕಿದ ಒಂದು ಲಕೋಟೆ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ಕಚೇರಿಗೆ ಬಂತು. ಒಳಗೆ ಒಂದು ಗ್ರೀಟಿಂಗ್ ಕಾರ್ಡು, ಜೊತೆಗೆ ಒಂದು ಹಾಳೆ. ಹಾಳೆಯಲ್ಲಿ 20 ಸಾಲು, ಸಾಲಿಗೆ 17 ಗುರುತು, ಒಟ್ಟು 340. ಕೆಲವು ಇಂಗ್ಲಿಷ್ ಅಕ್ಷರಗಳು, ಕೆಲವು ತಿರುಗಿಸಿ ಬರೆದ ಅಕ್ಷರಗಳು, ಅರ್ಧ ಕಪ್ಪು ಮಾಡಿದ ವೃತ್ತಗಳು, ತ್ರಿಕೋನ, ಚೌಕ. ಪದಗಳ ನಡುವೆ ಜಾಗ ಇಲ್ಲ, ಚುಕ್ಕಿ ಇಲ್ಲ.

ಕಳಿಸಿದವನು ತನ್ನನ್ನು ಝೋಡಿಯಾಕ್ ಎಂದು ಕರೆದುಕೊಳ್ಳುತ್ತಿದ್ದ ಕೊಲೆಗಾರ. 1968ರ ಡಿಸೆಂಬರ್‌ನಿಂದ 1969ರ ಅಕ್ಟೋಬರ್ ತನಕ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಅವನು ಕೊಂದವರು ಕನಿಷ್ಠ ಐದು ಜನ. ಅವನು ಯಾರೆಂಬುದು ಇವತ್ತಿಗೂ ಸಾಬೀತಾಗಿಲ್ಲ. ಈ ಕೊಲೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಆ ಕಡೆ ಹೋಗುವುದಿಲ್ಲ. ನನಗೆ ಆಸಕ್ತಿ ಇರುವುದು ಆ ಹಾಳೆಯಲ್ಲಿ. ಅದು 51 ವರ್ಷ ಬಾಯಿ ಬಿಡಲಿಲ್ಲ. ಆದರೆ ಒಂದೇ ಒಂದು ಅಕ್ಷರ ಓದುವ ಮೊದಲೇ, ಬರೀ ಎಣಿಕೆಯಿಂದ, "ಇದರಲ್ಲಿ ಏನೋ ಇದೆ, ಇಂಥ ಕಡೆ ಹುಡುಕಿ" ಎಂದು ಗೊತ್ತಾಗಿತ್ತು. ಅದು ಹೇಗೆ ಗೊತ್ತಾಯಿತು ಎನ್ನುವುದೇ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಮೊದಲನೆಯದು ಒಂದೇ ವಾರದಲ್ಲಿ ಬಿದ್ದಿತ್ತು

ಇದಕ್ಕೂ ಮುಂಚೆ, 1969ರ ಜುಲೈ 31ರಂದು, ಅದೇ ವ್ಯಕ್ತಿ 408 ಗುರುತುಗಳ ಇನ್ನೊಂದು ಗೂಢಲಿಪಿಯನ್ನು ಮೂರು ತುಂಡು ಮಾಡಿ ಮೂರು ಪತ್ರಿಕೆಗಳಿಗೆ ಕಳಿಸಿದ್ದ. ಅದನ್ನು ಒಡೆದವರು ಪೊಲೀಸರಲ್ಲ, ನೌಕಾಪಡೆಯವರೂ ಅಲ್ಲ. ಸಲೀನಾಸ್ ಊರಿನ ಶಾಲಾ ಮೇಷ್ಟ್ರು ಡೊನಾಲ್ಡ್ ಹಾರ್ಡನ್ ಮತ್ತು ಅವರ ಹೆಂಡತಿ ಬೆಟ್ಟಿ. ಪತ್ರಿಕೆಯಲ್ಲಿ ಬಂದದ್ದನ್ನು ಮುಂದಿಟ್ಟುಕೊಂಡು ಕಾಗದ, ಪೆನ್ಸಿಲ್ಲಿನಲ್ಲೇ ಕೂತು ಬಿಡಿಸಿದರು. ಇಂಥ ಮನುಷ್ಯ "ನಾನು" ಎಂದೇ ಶುರುಮಾಡಿರುತ್ತಾನೆ, "ಕಿಲ್" ಎನ್ನುವ ಪದ ಬಂದೇ ಬಂದಿರುತ್ತದೆ ಎಂದು ಬೆಟ್ಟಿ ಊಹಿಸಿದರು. ಆ ಪದದ ಕೊನೆಯಲ್ಲಿ ಎರಡು ಎಲ್ ಜೋಡಿಯಾಗಿ ಬರುತ್ತವೆ, ಹುಡುಕಲು ಸುಲಭ. ಊಹೆ ಸರಿಹೋಯಿತು.

ಆ ಲಿಪಿಯ ತಂತ್ರ ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಒಂದು ಅಕ್ಷರಕ್ಕೆ ಒಂದೇ ಗುರುತು ಇಟ್ಟರೆ ಒಡೆಯುವುದು ಮಕ್ಕಳಾಟ. ಇಂಗ್ಲಿಷಿನಲ್ಲಿ ನೂರು ಅಕ್ಷರ ಬರೆದರೆ ಹನ್ನೆರಡು, ಹದಿಮೂರು ಸಲ ಇ ಬರುತ್ತದೆ. ಅತಿ ಹೆಚ್ಚು ಬಂದ ಗುರುತೇ ಇ ಇರಬೇಕು ಎಂದು ಶುರುಮಾಡಬಹುದು. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್-ಕಿಂದಿ ಬರೆದಿಟ್ಟ ವಿದ್ಯೆ ಇದು. ಇದನ್ನು ತಪ್ಪಿಸಲು ಝೋಡಿಯಾಕ್ ಜಾಸ್ತಿ ಬಳಕೆಯ ಅಕ್ಷರಗಳಿಗೆ ಹಲವು ಗುರುತು ಇಟ್ಟುಕೊಂಡಿದ್ದ. ಇ ಬಂದಾಗಲೆಲ್ಲ ಸರದಿಯ ಪ್ರಕಾರ ಬೇರೆ ಬೇರೆ ಗುರುತು ಹಾಕುತ್ತಿದ್ದ. 26 ಅಕ್ಷರಕ್ಕೆ 54 ಗುರುತು. ಆಗ ಯಾವುದೂ ಎದ್ದು ಕಾಣುವುದಿಲ್ಲ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಮಟ್ಟ. ಆದರೂ ಎರಡೆರಡು ಅಕ್ಷರಗಳ ಜೋಡಿಗಳಲ್ಲಿ ಭಾಷೆಯ ಗುರುತು ಉಳಿದೇ ಉಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಯಾಕೆ ಜಗ್ಗಲಿಲ್ಲ

340ರ ಹಾಳೆ ಬಂದಾಗ ಇದೂ ಹಾಗೆಯೇ ಎಂದು ಎಲ್ಲರೂ ಅಂದುಕೊಂಡರು. ಈ ಸಲ 63 ಬೇರೆ ಬೇರೆ ಗುರುತು. ಕಷ್ಟ ಸ್ವಲ್ಪ ಜಾಸ್ತಿ, ಅಷ್ಟೇ ಎಂದು ಕೂತರು. ವರ್ಷ ಕಳೆಯಿತು, ದಶಕ ಕಳೆಯಿತು. 408ರಂಥ ಲಿಪಿಯನ್ನು ಸೆಕೆಂಡುಗಳಲ್ಲಿ ಬಿಡಿಸುವ ಪ್ರೋಗ್ರಾಂಗಳು ಬಂದವು. ಅವೇ ಪ್ರೋಗ್ರಾಂಗಳಿಗೆ 340ನ್ನು ಕೊಟ್ಟರೆ ತಲೆಬುಡ ಇಲ್ಲದ ಅಕ್ಷರಗಳು ಬಂದವು.

ಹಾಗಾದರೆ ಎರಡೇ ಸಾಧ್ಯತೆ. ಒಂದು, ಪೊಲೀಸರನ್ನು ಸತಾಯಿಸಲು ಅವನು ಸುಮ್ನೆ ಗೀಚಿ ಕಳಿಸಿದ್ದಾನೆ, ಒಳಗೆ ಏನೂ ಇಲ್ಲ. ಎರಡು, ಒಳಗೆ ಮಾತಿದೆ, ಆದರೆ ಗುರುತು ಬದಲಿಸುವುದರ ಜೊತೆಗೆ ಅಕ್ಷರಗಳ ಕ್ರಮವನ್ನೂ ಕದಡಿದ್ದಾನೆ. ಮೊದಲನೆಯದು ನಿಜವಾದರೆ ಜೀವಮಾನ ಕೂತರೂ ವ್ಯರ್ಥ. ಎರಡನೆಯದು ನಿಜವಾದರೆ ಕೂರುವುದಕ್ಕೆ ಅರ್ಥ ಇದೆ. ಓದದೆ ಇದನ್ನು ತೀರ್ಮಾನಿಸಬೇಕು. ಇಲ್ಲಿ ಅಂಕಿಅಂಶದ ಕೆಲಸ ಶುರುವಾಗುತ್ತದೆ.

ಪರೀಕ್ಷೆ ಮಾಡುವ ವಿಧಾನ ಬಹಳ ಸರಳ. ಹಾಳೆಯಲ್ಲಿ ಯಾವುದಾದರೂ ಒಂದು ವಿಷಯವನ್ನು ಎಣಿಸಿ. ಆಮೇಲೆ ಅವೇ 340 ಗುರುತುಗಳನ್ನು ಕಂಪ್ಯೂಟರಿನಲ್ಲಿ ಚೆನ್ನಾಗಿ ಕಲಸಿ, ಮತ್ತೆ ಎಣಿಸಿ. ಹೀಗೆ ಸಾವಿರಾರು ಸಲ ಮಾಡಿ. ಕಲಸಿದ ಹಾಳೆಗಳಲ್ಲಿ ಸಿಗುವ ಸಂಖ್ಯೆಗಳ ಹರವು ಗೊತ್ತಾಗುತ್ತದೆ. ಅಸಲಿ ಹಾಳೆಯ ಸಂಖ್ಯೆ ಆ ಹರವಿನ ಒಳಗಿದ್ದರೆ ಅದಕ್ಕೆ ಬೆಲೆ ಇಲ್ಲ. ಹೊರಗೆ ದೂರ ನಿಂತಿದ್ದರೆ, ಅಲ್ಲಿ ಮನುಷ್ಯನ ಕೈ ಕೆಲಸ ಮಾಡಿದೆ.

ಮೊದಲಿಗೆ ಸಿಕ್ಕಿದ್ದು ಸಾಲುಗಳ ವಿಚಾರ. ಅಡ್ಡ ಸಾಲುಗಳಲ್ಲಿ ಒಂದೇ ಗುರುತು ಎರಡು ಸಲ ಬರುವುದು ನಿರೀಕ್ಷೆಗಿಂತ ಕಡಿಮೆ. ಮೊದಲ ಮೂರು ಸಾಲು ನೋಡಿ: ಯಾವ ಸಾಲಿನಲ್ಲೂ ಒಂದು ಗುರುತೂ ಮರುಕಳಿಸಿಲ್ಲ. ಮೇಲಿಂದ ಕೆಳಗೆ ಓದಿದರೆ ಈ ಗುಣ ಕಾಣುವುದಿಲ್ಲ. ಅಂದರೆ ಬರೆದವನು ಎಡದಿಂದ ಬಲಕ್ಕೆ ಹೋಗುತ್ತಾ, ಸರದಿ ನೋಡಿಕೊಂಡು, ಈಗ ತಾನೇ ಬಳಸಿದ ಗುರುತನ್ನು ಬಿಟ್ಟು ಬೇರೆಯದನ್ನು ಹಾಕಿದ್ದಾನೆ. 408ರಲ್ಲಿ ಮಾಡಿದ ಹಾಗೆಯೇ. ಸುಮ್ನೆ ಗೀಚುವವನು ಇಷ್ಟು ಶ್ರಮ ಪಡುತ್ತಾನಾ? ಇದೊಂದೇ ಸಾಕ್ಷಿ ಸಾಲದು, ಆದರೆ ಒಲವು ಯಾವ ಕಡೆ ಎಂದು ತೋರಿಸಿತು.

ಹತ್ತೊಂಬತ್ತು

ಈಗ ಜೋಡಿಗಳ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಟಿ ಆದ ಮೇಲೆ ಎಚ್ ಬರುವುದು ಬಹಳ. ಟಿಗೆ ನಾಲ್ಕು ಗುರುತು, ಎಚ್‌ಗೆ ಎರಡು ಗುರುತು ಇದೆ ಅಂದುಕೊಳ್ಳಿ. ಎಂಟು ಬಗೆಯ ಜೋಡಿ ಆಗುತ್ತದೆ. ಆದರೂ ಪದೇ ಪದೇ ಬರುವ ಜೋಡಿಯಾದ್ದರಿಂದ ಆ ಎಂಟರಲ್ಲಿ ಕೆಲವು ಎರಡನೇ ಸಲ, ಮೂರನೇ ಸಲ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಒಂದು ಲಿಪಿಯೊಳಗೆ ಸರಿಯಾದ ಕ್ರಮದಲ್ಲಿ ಭಾಷೆ ಇದ್ದರೆ, ಮರುಕಳಿಸುವ ಜೋಡಿಗಳು ಕಲಸಿದ ಹಾಳೆಗಿಂತ ಜಾಸ್ತಿ ಇರಬೇಕು.

340ರಲ್ಲಿ ಪಕ್ಕಪಕ್ಕದ ಜೋಡಿಗಳನ್ನು ಎಣಿಸಿದರೆ ವಿಶೇಷ ಏನೂ ಸಿಗಲಿಲ್ಲ. ಸರಿ, ಪಕ್ಕದ್ದು ಬೇಡ, ಒಂದು ಬಿಟ್ಟು ಒಂದನ್ನು ಜೋಡಿ ಮಾಡಿ. ಎರಡು ಬಿಟ್ಟು ಮಾಡಿ. ಮೂರು ಬಿಟ್ಟು ಮಾಡಿ. ಹೀಗೆ ಹೆಜ್ಜೆಯ ಉದ್ದ ಹೆಚ್ಚಿಸುತ್ತಾ ಹೋಗಿ. 2010ರ ದಶಕದಲ್ಲಿ ಈ ಲಿಪಿಯ ಹಿಂದೆ ಬಿದ್ದಿದ್ದ ಹವ್ಯಾಸಿಗಳು ಹೀಗೆಯೇ ಮಾಡಿದರು. 19ನೇ ಹೆಜ್ಜೆಯಲ್ಲಿ ಎಣಿಕೆ ಒಮ್ಮೆಲೆ ಮೇಲೆದ್ದಿತು. ಒಂದು ಗುರುತು, ಅಲ್ಲಿಂದ ಹತ್ತೊಂಬತ್ತನೆಯ ಗುರುತು, ಇವೆರಡನ್ನು ಜೋಡಿ ಎಂದುಕೊಂಡರೆ ಮರುಕಳಿಸುವ ಜೋಡಿಗಳು ಎದ್ದು ಕಾಣುವಷ್ಟು ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನೂರಾರು ಹೆಜ್ಜೆಗಳನ್ನು ಪರೀಕ್ಷಿಸಿದರೆ ಯಾವುದಾದರೂ ಒಂದು ಆಕಸ್ಮಿಕವಾಗಿ ಮೇಲೆ ಏಳುತ್ತದೆ. ಎಷ್ಟು ಕಡೆ ಹುಡುಕಿದಿರಿ ಎನ್ನುವುದನ್ನು ಮರೆತು, ಸಿಕ್ಕಿದ್ದನ್ನು ಮಾತ್ರ ತೋರಿಸುವುದು ಗೂಢಲಿಪಿಯ ಲೋಕದಲ್ಲಿ ಅತಿ ಸಾಮಾನ್ಯವಾದ ತಪ್ಪು. ಆದರೆ 19ಕ್ಕೆ ಒಂದು ಅರ್ಥ ಇತ್ತು. ಸಾಲಿಗೆ 17 ಮನೆ. ಹದಿನೇಳು ಮನೆ ಮುಂದೆ ಹೋದರೆ ನೇರ ಕೆಳಗಿನ ಸಾಲಿಗೆ ಇಳಿದಂತೆ. ಇನ್ನೆರಡು ಹೋದರೆ ಬಲಕ್ಕೆ ಎರಡು ಮನೆ. ಒಂದು ಕೆಳಗೆ, ಎರಡು ಬಲಕ್ಕೆ: ಚದುರಂಗದ ಕುದುರೆ ನಡೆದ ಹಾಗೆ. ಹಾಳೆಯನ್ನು ಕನ್ನಡಿಯಲ್ಲಿ ನೋಡಿದಂತೆ ಎಡಬಲ ತಿರುಗಿಸಿ ಎಣಿಸಿದಾಗ 15ನೇ ಹೆಜ್ಜೆಯಲ್ಲಿ ಏರಿಕೆ ಕಂಡಿತು. 17ರಲ್ಲಿ ಎರಡು ಕಳೆದರೆ 15, ಅಂದರೆ ಅದೇ ಓರೆ ದಾರಿ. ಸಂಖ್ಯೆಯೊಂದು ಚೌಕದ ಆಕಾರಕ್ಕೆ ಹೀಗೆ ಸರಿಯಾಗಿ ಕೂತಾಗ ಅದನ್ನು ಬರೀ ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ.

ಇಷ್ಟು ಗೊತ್ತಾದ ಮೇಲೂ ಲಿಪಿ ಬಿಚ್ಚಿಕೊಳ್ಳಲಿಲ್ಲ. 340 ಗುರುತುಗಳನ್ನು ಹತ್ತೊಂಬತ್ತರ ಹೆಜ್ಜೆಯಲ್ಲಿ ಜೋಡಿಸಿ ಪ್ರೋಗ್ರಾಂಗೆ ಕೊಟ್ಟರು, ಮತ್ತೆ ತಲೆಬುಡ ಇಲ್ಲದ ಅಕ್ಷರಗಳೇ. ದಿಕ್ಕು ಸರಿ ಇತ್ತು, ಪೂರ್ತಿ ದಾರಿ ಗೊತ್ತಿರಲಿಲ್ಲ.

ಆರೂವರೆ ಲಕ್ಷ ದಾರಿಗಳು

ಡೇವಿಡ್ ಒರಾಂಚಕ್ ಅಮೆರಿಕದ ವರ್ಜೀನಿಯಾದ ಸಾಫ್ಟ್‌ವೇರ್ ಎಂಜಿನಿಯರ್. 2006ರಿಂದ ಈ ಹಾಳೆಯ ಜೊತೆಗಿದ್ದವರು. ಸ್ಯಾಮ್ ಬ್ಲೇಕ್ ಆಸ್ಟ್ರೇಲಿಯಾದ ಮೆಲ್ಬರ್ನಿನ ಗಣಿತಜ್ಞ. ಯಾರ್ಲ್ ವಾನ್ ಐಕೆ ಬೆಲ್ಜಿಯಂನ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಎಝಡ್‌ಡಿಕ್ರಿಪ್ಟ್ ಎಂಬ ಗೂಢಲಿಪಿ ಬಿಡಿಸುವ ಪ್ರೋಗ್ರಾಂ ಬರೆದವರು. ಮೂರು ಖಂಡಗಳ ಈ ಮೂವರು 2020ರಲ್ಲಿ ಕೈ ಜೋಡಿಸಿದರು.

ಬ್ಲೇಕ್ ಹಾಳೆಯನ್ನು ಓದಬಹುದಾದ ದಾರಿಗಳನ್ನು ಪಟ್ಟಿ ಮಾಡಿದರು. ಓರೆಯಾಗಿ, ಅಡ್ಡಡ್ಡ, ಉದ್ದುದ್ದ, ಒಂದೇ ತುಂಡಾಗಿ, ಎರಡು ತುಂಡಾಗಿ, ಮೂರು ತುಂಡಾಗಿ. ಒಟ್ಟು ಸುಮಾರು 6,50,000 ದಾರಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್ ಕೂಡ ಈ ಕೆಲಸಕ್ಕೆ ಬಳಕೆಯಾಯಿತು. ಪ್ರತಿ ದಾರಿಯನ್ನೂ ವಾನ್ ಐಕೆಯವರ ಪ್ರೋಗ್ರಾಂಗೆ ಕೊಟ್ಟರು.

ಪ್ರೋಗ್ರಾಂ ಒಳಗೆ ಏನು ಮಾಡುತ್ತದೆ? ಮೊದಲು ಕಣ್ಣುಮುಚ್ಚಿ ಪ್ರತಿ ಗುರುತಿಗೂ ಒಂದು ಅಕ್ಷರ ಕೊಡುತ್ತದೆ. ಬಂದ ಸಾಲನ್ನು ಇಂಗ್ಲಿಷಿನ ಬೃಹತ್ ಬರಹಗಳಿಂದ ಮೊದಲೇ ತಯಾರಿಸಿಟ್ಟ ಲೆಕ್ಕದ ಜೊತೆ ಹೋಲಿಸುತ್ತದೆ: ಐದೈದು ಅಕ್ಷರಗಳ ಈ ಗುಂಪು ಇಂಗ್ಲಿಷಿನಲ್ಲಿ ಎಷ್ಟು ಸಲ ಬರುತ್ತದೆ? ಅದರ ಮೇಲೆ ಒಂದು ಅಂಕ. ಆಮೇಲೆ ಒಂದು ಗುರುತಿನ ಅಕ್ಷರ ಬದಲಿಸಿ ಮತ್ತೆ ಅಂಕ. ಅಂಕ ಏರಿದರೆ ಬದಲಾವಣೆಯನ್ನು ಉಳಿಸಿಕೊಳ್ಳುತ್ತದೆ. ಹೀಗೆ ಲಕ್ಷಾಂತರ ಸಲ. ಅರ್ಥ ಅದಕ್ಕೆ ಗೊತ್ತಿಲ್ಲ, ಬರೀ ಎಣಿಕೆ ಗೊತ್ತು.

ಸಾವಿರಾರು ಫಲಿತಾಂಶಗಳನ್ನು ತಿರುವಿ ಹಾಕುತ್ತಿದ್ದ ಒರಾಂಚಕ್ ಕಣ್ಣಿಗೆ ಡಿಸೆಂಬರಿನ ಶುರುವಿನಲ್ಲಿ ಒಂದು ಬಿತ್ತು. ಹೆಚ್ಚಿನದೆಲ್ಲ ಕಸ. ನಡುವೆ ಎರಡು ಮೂರು ತುಣುಕು: "ಹೋಪ್ ಯು ಆರ್", "ಟ್ರೈಯಿಂಗ್ ಟು ಕ್ಯಾಚ್ ಮಿ", "ದ ಗ್ಯಾಸ್ ಚೇಂಬರ್". ನನ್ನನ್ನು ಹಿಡಿಯಲು ನೋಡುತ್ತಿದ್ದೀರಿ. ಗ್ಯಾಸ್ ಚೇಂಬರ್, ಅಂದರೆ ಮರಣದಂಡನೆ ಕೊಡುವ ವಿಷಾನಿಲದ ಕೋಣೆ.

ಆ ದಾರಿಯಲ್ಲಿ ಹಾಳೆ ಮೂರು ತುಂಡಾಗಿತ್ತು: ಮೇಲಿನ ಒಂಬತ್ತು ಸಾಲು, ನಡುವಿನ ಒಂಬತ್ತು ಸಾಲು, ಕೊನೆಯ ಎರಡು ಸಾಲು. ಒರಾಂಚಕ್ ಆ ತುಣುಕುಗಳು ಸರಿ ಎಂದು ಹಿಡಿದು, ಅವುಗಳ ಅಕ್ಷರಗಳು ಬದಲಾಗದಂತೆ ಮಾಡಿ, ಮೊದಲ ಒಂಬತ್ತು ಸಾಲನ್ನು ಮಾತ್ರ ಮತ್ತೆ ಓಡಿಸಿದರು. ಪೂರ್ತಿ ವಾಕ್ಯಗಳು ಬಂದವು. ನನ್ನನ್ನು ಹಿಡಿಯುವ ಪ್ರಯತ್ನದಲ್ಲಿ ನಿಮಗೆ ಮಜಾ ಸಿಗುತ್ತಿದೆ ಅಂದುಕೊಂಡಿದ್ದೇನೆ, ಟಿವಿ ಕಾರ್ಯಕ್ರಮದಲ್ಲಿ ಇದ್ದದ್ದು ನಾನಲ್ಲ, ಗ್ಯಾಸ್ ಚೇಂಬರ್‌ಗೆ ನಾನು ಹೆದರುವುದಿಲ್ಲ ಎಂಬ ಮಾತುಗಳು.

ಯಾವ ಟಿವಿ ಕಾರ್ಯಕ್ರಮ? 1969ರ ಅಕ್ಟೋಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೊದ ಜಿಮ್ ಡನ್‌ಬಾರ್ ಕಾರ್ಯಕ್ರಮಕ್ಕೆ ಒಬ್ಬ ಫೋನ್ ಮಾಡಿ, ತಾನೇ ಝೋಡಿಯಾಕ್ ಎಂದು ಹೇಳಿಕೊಂಡು ವಕೀಲ ಮೆಲ್ವಿನ್ ಬೆಲ್ಲಿ ಜೊತೆ ಮಾತಾಡಿದ್ದ. ಗ್ಯಾಸ್ ಚೇಂಬರ್‌ಗೆ ಹೋಗಲು ಇಷ್ಟವಿಲ್ಲ ಎಂದೂ ಹೇಳಿದ್ದ. ಅವನು ಬೇರೆ ಯಾರೋ ಎಂದು ಆಮೇಲೆ ಪತ್ತೆಯಾಯಿತು. ಅದಾಗಿ 17 ದಿನಕ್ಕೆ ಈ ಲಕೋಟೆ ಅಂಚೆಗೆ ಬಿದ್ದಿತ್ತು. ಪ್ರೋಗ್ರಾಂಗೆ ಈ ಕಾರ್ಯಕ್ರಮದ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ಲೆಕ್ಕದಿಂದ ಬಂದ ವಾಕ್ಯ ಲೆಕ್ಕಕ್ಕೆ ಗೊತ್ತೇ ಇಲ್ಲದ ಒಂದು ಘಟನೆಗೆ ಸರಿಹೊಂದಿತು. ನಾನು ಈ ಪ್ರಕರಣದಲ್ಲಿ ಪದೇ ಪದೇ ಮರಳಿ ನೋಡುವ ಜಾಗ ಇದು.

ಕಾಗದ ತೆಗೆದುಕೊಂಡು ಮಾಡಿ ನೋಡಿ

ಮೊದಲ ತುಂಡಿನ ತಂತ್ರವನ್ನು ಕೈಯಾರೆ ಮಾಡಿದರೆ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಒಂಬತ್ತು ಸಾಲು, ಹದಿನೇಳು ಕಂಬದ ಒಂದು ಚೌಕ ಹಾಕಿ. ಮೊದಲ ಸಾಲಿನ ಮೊದಲ ಮನೆಯಲ್ಲಿ ಐ ಬರೆಯಿರಿ. ಒಂದು ಕೆಳಗೆ, ಎರಡು ಬಲಕ್ಕೆ ಹೋಗಿ ಎಚ್. ಮತ್ತೆ ಹಾಗೆಯೇ ಓ, ಪಿ, ಇ, ವೈ, ಓ, ಯು. ಒಂಬತ್ತನೇ ಸಾಲಿನ ಹದಿನೇಳನೇ ಮನೆಯಲ್ಲಿ ಎ ಬಂದು ಮೂಲೆ ಮುಟ್ಟುತ್ತದೆ. "ಐ ಹೋಪ್ ಯು" ಮುಗಿದು "ಆರ್" ಪದದ ಮೊದಲ ಅಕ್ಷರ ಆಯಿತು. ಈಗ ಮೇಲೆ ಬಂದು ಮೊದಲ ಸಾಲಿನ ಎರಡನೇ ಮನೆಯಿಂದ ಮತ್ತೆ ಓರೆಯಾಗಿ ಇಳಿಯಿರಿ: ಆರ್, ಇ, ಎಚ್, ಎ, ವಿ, ಐ, ಎನ್, ಜಿ. ಬಲ ಅಂಚು ದಾಟಿದಾಗ ಎಡ ಅಂಚಿಗೆ ಬನ್ನಿ. ಹದಿನೇಳು ಸಲ ಇಳಿದರೆ 153 ಮನೆಯೂ ತುಂಬುತ್ತದೆ, ಒಂದೂ ಉಳಿಯುವುದಿಲ್ಲ. ತುಂಬಿದ ಮೇಲೆ ಅಡ್ಡ ಸಾಲುಗಳ ಪ್ರಕಾರ ಅಕ್ಷರಕ್ಕೆ ಗುರುತು ಹಾಕಿಕೊಂಡು ಹೋದರೆ ಆಯಿತು. ಅಡ್ಡ ಸಾಲಿನಲ್ಲಿ ಗುರುತು ಮರುಕಳಿಸದೆ ಇದ್ದದ್ದು, 19ನೇ ಹೆಜ್ಜೆಯಲ್ಲಿ ಜೋಡಿಗಳು ಹೆಚ್ಚಿದ್ದು, ಎರಡೂ ಯಾಕೆಂದು ಈಗ ಒಟ್ಟಿಗೆ ಕಾಣುತ್ತದೆ.

ನಡುವಿನ ಒಂಬತ್ತು ಸಾಲು ಅಷ್ಟು ಸುಲಭಕ್ಕೆ ಬರಲಿಲ್ಲ. ಬರೆದವನ ಕೈ ತಪ್ಪಿ ಒಂದು ಕಡೆ ಗುರುತುಗಳು ಒಂದು ಮನೆ ಜರುಗಿದ್ದವು. ಸರಿಯಾದ ದಾರಿಯಲ್ಲಿ ಓದಿದರೂ ಮಾತು ಅರ್ಧಕ್ಕೆ ಹಾಳಾಗುತ್ತಿತ್ತು. ಅದನ್ನು ಪತ್ತೆ ಮಾಡಿದವರು ವಾನ್ ಐಕೆ. ಕೊನೆಯ ಎರಡು ಸಾಲಿನಲ್ಲಿ ಓರೆ ದಾರಿಯೇ ಇಲ್ಲ. ಮಾಮೂಲಿ ಎಡದಿಂದ ಬಲಕ್ಕೆ, ಆದರೆ ಕೆಲವು ಪದಗಳು ಹಿಂದುಮುಂದು. 34 ಮನೆಯೂ ತುಂಬಿವೆ. ನೇರವಾಗಿ 19ರ ಹೆಜ್ಜೆ ಹಿಡಿದು ಹೋದವರು ಯಾಕೆ ಸೋತರು ಎನ್ನುವುದಕ್ಕೆ ಇವೇ ಕಾರಣ: ತುಂಡುಗಳು, ಕೈತಪ್ಪು, ತಿರುಗಿಸಿದ ಪದಗಳು. ಒಂದನ್ನು ಬಿಟ್ಟರೂ ಅಂಕ ಏರುವುದಿಲ್ಲ.

2020ರ ಡಿಸೆಂಬರ್ 5ರಂದು ಮೂವರೂ ತಮ್ಮ ಪರಿಹಾರವನ್ನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಕಳಿಸಿದರು. 11ರಂದು ಜಗತ್ತಿಗೆ ತಿಳಿಸಿದರು. ಪರಿಹಾರ ಸರಿ ಎಂದು ಎಫ್‌ಬಿಐ ಒಪ್ಪಿತು.

ಯಾಕೆ ನಂಬಬೇಕು?

ಈ ಪ್ರಶ್ನೆ ಕೇಳಲೇಬೇಕು. 51 ವರ್ಷದಲ್ಲಿ "ನಾನು ಒಡೆದೆ" ಎಂದವರು ಬಹಳ ಜನ. ಅಕ್ಷರಗಳನ್ನು ಬೇಕಾದ ಹಾಗೆ ಹಿಂದೆ ಮುಂದೆ ಮಾಡಿ, ಒಂದೇ ಗುರುತಿಗೆ ಒಂದು ಕಡೆ ಒಂದು ಅಕ್ಷರ, ಇನ್ನೊಂದು ಕಡೆ ಇನ್ನೊಂದು ಅಕ್ಷರ ಕೊಟ್ಟು ತಮ್ಮ ಅನುಮಾನದ ವ್ಯಕ್ತಿಯ ಹೆಸರನ್ನೇ ಹೊರತೆಗೆದವರಿದ್ದಾರೆ. ಹಾಗೆ ಸ್ವಾತಂತ್ರ್ಯ ಇಟ್ಟುಕೊಂಡರೆ ಯಾವ ಹಾಳೆಯಿಂದ ಬೇಕಾದರೂ ಏನು ಬೇಕಾದರೂ ಬರುತ್ತದೆ.

ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಒಂದು ವಿಚಾರ ಇಲ್ಲಿ ಕೈ ಹಿಡಿಯುತ್ತದೆ. ಬಿಡಿಸುವವನ ಕೈಯಲ್ಲಿ ಎಷ್ಟು ಆಯ್ಕೆ ಇದೆ, ಆ ಆಯ್ಕೆಗಳನ್ನು ಕಟ್ಟಿಹಾಕಲು ಲಿಪಿ ಎಷ್ಟು ಉದ್ದ ಇರಬೇಕು ಎಂದು ಲೆಕ್ಕ ಹಾಕಬಹುದು. ಒರಟು ಲೆಕ್ಕ ಮಾಡೋಣ. ಎರಡರಲ್ಲಿ ಒಂದನ್ನು ಆರಿಸುವುದು ಎಂದರೆ ಒಂದು ಬಿಟ್, ಆಯ್ಕೆಯನ್ನು ಅಳೆಯುವ ಅಳತೆ ಅದು. 26 ಅಕ್ಷರದಲ್ಲಿ ಒಂದನ್ನು ಆರಿಸುವುದು ಎಂದರೆ ಸುಮಾರು 4.7 ಬಿಟ್. 63 ಗುರುತಿಗೆ 296 ಬಿಟ್. ಓದುವ ದಾರಿ 6,50,000ದಲ್ಲಿ ಒಂದು, ಅದಕ್ಕೆ ಇನ್ನೊಂದು 19 ಬಿಟ್. ಒಟ್ಟು 315. ಇಂಗ್ಲಿಷ್ ಬರಹದ ಪ್ರತಿ ಅಕ್ಷರವೂ ಸುಮಾರು 3.2 ಬಿಟ್‌ನಷ್ಟು ಆಯ್ಕೆಯನ್ನು ಕಿತ್ತುಕೊಳ್ಳುತ್ತದೆ, ಯಾಕೆಂದರೆ ಭಾಷೆಯಲ್ಲಿ ಯಾವುದರ ಪಕ್ಕ ಯಾವುದು ಬೇಕಾದರೂ ಬರುವಂತಿಲ್ಲ. ಭಾಗಿಸಿದರೆ ಸುಮಾರು 100 ಅಕ್ಷರ. ಅಷ್ಟು ಉದ್ದಕ್ಕೂ ಅರ್ಥ ಕೊಡುವ ಓದು ಒಂದೇ ಉಳಿಯುತ್ತದೆ. ಇಲ್ಲಿರುವುದು 340. ಕೈತಪ್ಪುಗಳಿಗೆಲ್ಲ ವಿನಾಯಿತಿ ಕೊಟ್ಟರೂ ಬೇಕಾದಷ್ಟು ಉಳಿಕೆ ಇದೆ.

ಇನ್ನೊಂದು ಒಳಗಿನ ಸಾಕ್ಷಿಯೂ ಇದೆ. ಸ್ವರ್ಗ ಎನ್ನುವ ಅರ್ಥದ "ಪ್ಯಾರಡೈಸ್" ಪದವನ್ನು 408ರಲ್ಲಿ ಎಸ್ ಬದಲು ಸಿ ಹಾಕಿ ತಪ್ಪಾಗಿ ಬರೆದಿದ್ದ. ಸತ್ತವರು ಅಲ್ಲಿ ತನಗೆ ಗುಲಾಮರಾಗುತ್ತಾರೆ ಎಂಬ ವಿಕೃತ ಕಲ್ಪನೆಯೂ ಅದರಲ್ಲಿತ್ತು. 340ರಲ್ಲಿ ಅದೇ ತಪ್ಪು ಕಾಗುಣಿತ, ಅದೇ ಗುಲಾಮರು.

ಅವನ ಹೆಸರು ಮಾತ್ರ 340ರಲ್ಲಿ ಇಲ್ಲ. ಬಹಳ ಜನರಿಗೆ ಇದು ನಿರಾಸೆ ತಂದಿತು. ಹಾಗಾಗಿ ಈಗ ಎಲ್ಲರ ಕಣ್ಣು ಉಳಿದ ಎರಡು ಚಿಕ್ಕ ಲಿಪಿಗಳ ಮೇಲೆ. ಒಂದು, 1970ರ ಜೂನ್ 26ರ ಪತ್ರದ್ದು: 32 ಗುರುತು, ಅದರಲ್ಲಿ 29 ಬೇರೆ ಬೇರೆ. ಅದೇ ಲೆಕ್ಕ ಹಾಕಿ. 29 ಗುರುತಿಗೆ 136 ಬಿಟ್, ಬೇಕಾದ ಉದ್ದ ಸುಮಾರು 43 ಅಕ್ಷರ. ಇರುವುದು 32. ಅಂದರೆ ಅದಕ್ಕೆ ಸರಿಹೊಂದುವ ವಾಕ್ಯಗಳು ರಾಶಿ ರಾಶಿ ಸಿಗುತ್ತವೆ, ನಿಜವಾದದ್ದು ಯಾವುದೆಂದು ಆ ಹಾಳೆಯೊಂದರಿಂದಲೇ ತೀರ್ಮಾನಿಸಲು ಆಗುವುದಿಲ್ಲ.

ಇನ್ನೊಂದು ಏಪ್ರಿಲ್ 20ರ ಪತ್ರದ್ದು, "ನನ್ನ ಹೆಸರು" ಎಂದು ಬರೆದು ಮುಂದೆ 13 ಗುರುತು. ಹೆಸರುಗಳಿಗೆ ವಾಕ್ಯಗಳಷ್ಟು ಕಟ್ಟುಪಾಡು ಇಲ್ಲ, ಹಾಗಾಗಿ ಇಲ್ಲಿ ಲೆಕ್ಕಕ್ಕೆ ಸಿಗುವ ಹಿಡಿತ ಇನ್ನೂ ಕಡಿಮೆ. ಅದೇ ಜಾಗಗಳಲ್ಲಿ ಅಕ್ಷರ ಮರುಕಳಿಸುವ ಹದಿಮೂರು ಅಕ್ಷರದ ಹೆಸರು ಯಾವುದಾದರೂ ಹೊಂದುತ್ತದೆ. ಆ ಹದಿಮೂರರಿಂದ ಕೊಲೆಗಾರನ ಹೆಸರು ಸಿಕ್ಕಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅಂಥದ್ದು ಓದಿದಾಗ ನಾನು ನೋಡುವುದು ಒಂದೇ: ಇದೇ ವಿಧಾನದಲ್ಲಿ ಇನ್ನೆಷ್ಟು ಹೆಸರು ಹೊಂದುತ್ತವೆ ಎಂದು ಹೇಳಿದ್ದಾರಾ? ಹೇಳಿಲ್ಲ ಎಂದರೆ, ಒಬ್ಬ ಮನುಷ್ಯನ ಮೇಲೆ ಕೊಲೆಯ ಆರೋಪ ಹೊರಿಸಲು ಆ ಹದಿಮೂರು ಗುರುತು ಸಾಲದು.